ರಾತ್ರಿ ಪಾಳಿಯ ಲೆಕ್ಕ

"ಇನ್ನೊಂದೀಟು ಬಿಗೀ ಹಿಡೀಪಾ, ಹೆಗಲು ವಾಲಾಕತ್ತೈತಿ," ಎಂದ ರಾತ್ರಿ ಪಾಳಿಯ ಕೂಲಿ ಥಾವರಪ್ಪ.

ಬಂದರಿನ ಪಕ್ಕದ ಸಡಾ ಬಡಾವಣೆಯ ಆ ಒಂದೇ ಕೋಣೆಯ ಮನೆಯಲ್ಲಿ, ಲಿಂಗವಂತರ ಪದ್ಧತಿಯಂತೆ ಸೋಮಲಿಂಗಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಎದೆಗೆ ಶಲ್ಯ ಸುತ್ತಿ ಕಿಟಕಿಯ ಸರಳಿಗೆ ಕಟ್ಟುತ್ತಿದ್ದರು. ಹತ್ತೊಂಬತ್ತು ವರ್ಷ ಲೆಕ್ಕದ ಕುರ್ಚಿ ಬಿಟ್ಟೇಳದ ಮನುಷ್ಯನಿಗೆ ಸತ್ತ ಮೇಲೂ ಮಲಗುವ ಯೋಗವಿರಲಿಲ್ಲ. ಬಂದರಿನ ಗುತ್ತಿಗೆದಾರ ಮೋತಿಲಾಲ ಸೇಠರ ಅರವತ್ತು ಕೂಲಿಗಳ ಹಾಜರಿ, ತಾಸು, ಪಗಾರ ಎಲ್ಲವೂ ಅವನ ಕಂಪ್ಯೂಟರಿನ ಹಾಳೆಯಲ್ಲಿತ್ತು. ಹೆಣ ಹೊರಲು ಬಂದವರೂ ಅದೇ ಕೂಲಿಗಳು. ಅಂದು ಶನಿವಾರ, ವಾರದ ಪಗಾರ ಬಟವಾಡೆಯ ದಿನ.

ಸೇಠರು ಬಂದು ಹೆಣಕ್ಕೆ ಕೈಮುಗಿದು, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಸತ್ತವನ ಮಗಳು ಗೌರಿಯ ಮುಂದಿಟ್ಟರು.

"ತಪ್ಪ ತಿಳೀಬ್ಯಾಡ ಬೇಟಿ. ಹಾಳಿಗೆ ನಿಮ್ಮಪ್ಪ ಪಾಸ್‌ವರ್ಡ್ ಕೀಲಿ ಹಾಕ್ಯಾನ. ಯಾರಿಗೂ ತೆಗೀಲಿಕ್ಕೆ ಬರವಲ್ದು."

ಗೌರಿಗೆ ಬರುತ್ತಿತ್ತು. ಅದೇ ಅವಳ ದುರದೃಷ್ಟ. ಸೋಮವಾರ ಅವಳು ಧಾರವಾಡದ ನರ್ಸಿಂಗ್ ಕಾಲೇಜು ಸೇರಬೇಕಿತ್ತು.

*

ಎರಡು ವರ್ಷದ ಹಿಂದೆ ಅಪ್ಪನೇ ಕಲಿಸಿದ್ದ. ರಾತ್ರಿ ಹತ್ತಕ್ಕೆ ಹೋದ ಥಾವರಪ್ಪ ಬೆಳಿಗ್ಗೆ ಆರಕ್ಕೆ ಬಂದರೆ ಎಂಟು ತಾಸು. ಹಾಳೆ ಮಾತ್ರ ರಾತ್ರಿ ಹತ್ತನ್ನು ಇಪ್ಪತ್ತೆರಡು ಎಂದೆಣಿಸಿ, ಆರರಲ್ಲಿ ಇಪ್ಪತ್ತೆರಡು ಕಳೆಯಲು ಹೋಗಿ, ಬೇಲಿಯಂಥ ##### ಗುರುತುಗಳನ್ನು ಸಾಲಾಗಿ ತೋರಿಸುತ್ತಿತ್ತು.

"ರಾತ್ರಿ ಕಳದ್ರ ಬೆಳಗಾಕ್ಕೈತಿ ಅನ್ನೂದು ಇದಕ್ಕ ಗೊತ್ತಿಲ್ಲವ್ವ. ಸೂತ್ರದಾಗ ನಾವ ಒಂದ ದಿನಾ ಕೂಡಿಸಬೇಕು. ಆಮ್ಯಾಲ ತಾಸಿಗೆ ದರಾ ಗುಣಿಸಿದ್ರ ಪಗಾರ."

"ಆಫೀಸಿನ್ಯಾಗ ಇನ್ನೊಬ್ರಿಗೆ ಕಲಸ್ರಿ ಅಪ್ಪಾ. ಊರಾಗ ನಿಮ್ಮವ್ವ ತೀರಿಕೊಂಡಾಗ ಮಣ್ಣಿಗೂ ಹೋಗಾಕ ಆಗ್ಲಿಲ್ಲ ನಿಮಗ."

"ಕಲಿಸಿದ್ರ ನನ್ನ ತಗದ ಹಾಕ್ತಾರ. ಅದಕ್ಕ ಕೀಲಿ ಹಾಕೇನಿ," ಎಂದು ನಕ್ಕಿದ್ದ. ಆಮೇಲೆ, "ಈಗ ನಾನೂ ಒಳಗ ಅದೇನಿ ಬಿಡು," ಎಂದಿದ್ದ.

*

"ಕೀಲಿ ಬರದ ಕೊಡ್ತೇನ್ರಿ," ಎಂದಳು ಗೌರಿ.

"ಕೀಲಿ ತಗದ್ರ ಸಾಕಾ? ಒಳಗಿನ ಸೂತ್ರ ಯಾರ ನೋಡಬೇಕು?" ಸೇಠರ ದನಿಯಲ್ಲಿ ಕೇಡಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. "ಈ ಖೋಲಿ ಕಂಪನೀದು. ನೀ ಕೆಲಸದಾಗ ಇರೋ ತನಕ ಖಾಲಿ ಮಾಡ್ರಿ ಅನ್ನೂದಿಲ್ಲ."

ತಾಯಿ ಮುರುಗೆವ್ವ ಗಂಡನ ಪಾದದ ಬಳಿಯಿಂದ ತಲೆ ಎತ್ತಿದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಒಂದ ವರ್ಷ ಅಷ್ಟ ನೋಡವ್ವ. ಇವರನ್ನ ಮಣ್ಣಿಗೆ ಕೊಟ್ಟು ನಾ ಎಲ್ಲಿಗಿ ಹೋಗ್ಲಿ?"

"ಪಗಾರಕ್ಕ ನಮ್ದೇನ ಅವಸರಿಲ್ಲ ತಂಗಿ," ಎಂದ ಥಾವರಪ್ಪ. ಅವಸರವಿತ್ತು. ಬಾಗಿಲಲ್ಲಿ ನಿಂತವರ ಮನೆಗಳಲ್ಲಿ ಅಕ್ಕಿ ಜೋಳ ತೀರಿದ್ದವು. ಅವರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ.

ಗೌರಿ ಅಪ್ಪನ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವಳು ಇನ್ನೊಬ್ಬಳು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೀಲಿ ಒತ್ತಿದಳು. ಮುಕ್ಕಾಲು ತಾಸಿನಲ್ಲಿ ಬಟವಾಡೆಯ ಪಟ್ಟಿ ಮುಗಿಯಿತು. ಹೊರಗೆ ಭಜನೆಯವರು ತಾಳ ಎತ್ತಿಕೊಂಡರು.

ಅವಳು ಲ್ಯಾಪ್‌ಟಾಪ್ ಮುಚ್ಚುವ ಮೊದಲೇ ಸೇಠರು ಬಗ್ಗಿ, ಮುಂದಿನ ವಾರದ ಹಾಳೆ ತೆಗೆದರು. ಮೊದಲ ಸಾಲಿನಲ್ಲಿ ಸೋಮಲಿಂಗಪ್ಪ ಎಂದಿತ್ತು. ಒಂದೊಂದೇ ಅಕ್ಷರ ಅಳಿಸಿ, ಒಂದೇ ಬೆರಳಿನಿಂದ ಗೌರಿ ಎಂದು ಒತ್ತಿದರು. ಸೋಮವಾರದ ಚೌಕದಲ್ಲಿ ಬರುವ ಹೊತ್ತು ಒಂಬತ್ತು, ಹೋಗುವ ಹೊತ್ತು ಆರು ಎಂದು ಹಾಕಿದರು. ಅಪ್ಪ ಬರೆದಿಟ್ಟ ಸೂತ್ರದಂತೆ ಪಕ್ಕದ ಚೌಕಗಳು ತಾಸು, ದರ, ಪಗಾರ ಎಂದು ತಾವಾಗಿಯೇ ತುಂಬಿಕೊಳ್ಳುತ್ತ ಹೋದವು, ಶನಿವಾರದವರೆಗೂ.