ನಾಲ್ಕು ಜನರ ವಿಳಾಸ

ಆ ಮನೆಯ ಕರೆಗಂಟೆ ಒತ್ತಿದರೆ ಬಾಗಿಲು ತೆರೆಯಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಒಳಗಿನವರು ಸೋಮಾರಿಗಳು ಅಂತಲ್ಲ. ಅಷ್ಟರೊಳಗೆ ಅವರು ಒಂದು ಸಂಸಾರವನ್ನು ಬಿಚ್ಚಿ ಇನ್ನೊಂದು ಸಂಸಾರವನ್ನು ಜೋಡಿಸಬೇಕಾಗಿತ್ತು.

"ಬಂದ್ರು" ಎಂದು ಅಜ್ಜಿ ಕಿಟಕಿ ಪಕ್ಕದ ಕುರ್ಚಿಯಿಂದ ಆಜ್ಞೆ ಕೊಟ್ಟರೆ ಸಾಕು. ಗೋಡೆಯ ಮೇಲಿನ ಫೋಟೊ ತಿರುವುಮುರುವಾಗುತ್ತಿತ್ತು. ಅದರ ಬೆನ್ನಿಗೆ ಹೂಕುಂಡದ ಚಿತ್ರವೊಂದನ್ನು ಮೊದಲೇ ಅಂಟಿಸಿಟ್ಟಿದ್ದರು. ಮಂಚದ ಮೇಲಿನ ಎರಡು ದಿಂಬುಗಳಲ್ಲಿ ಒಂದು ಬೀರು ಸೇರುತ್ತಿತ್ತು. ಬೇಕರಿಯವಳು ಚಹಾ ಅರ್ಧಕ್ಕೇ ಬಿಟ್ಟು, ಪಕ್ಕದ ಸಣ್ಣ ಕೋಣೆಗೆ ಹೋಗಿ, ಬಾಡಿಗೆಯವಳಾಗಿ ಹೊರಗೆ ಬರುತ್ತಿದ್ದಳು. ನಾಟಕ ಎಷ್ಟು ಕುದುರಿತ್ತೆಂದರೆ, ಒಮ್ಮೆ ನೆಂಟರ ಮುಂದೆ ಅಜ್ಜಿ ಅವಳನ್ನು ಬಾಡಿಗೆ ತಡವಾಯಿತೆಂದು ಗದರಿದ್ದೂ ಉಂಟು, ಅವಳು ತಲೆತಗ್ಗಿಸಿ ಕ್ಷಮೆ ಕೇಳಿದ್ದೂ ಉಂಟು.

ಅಜ್ಜಿಯ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವಳು. ಊರಿಗೆಲ್ಲ ಕಣ್ಣು ಕೊಡುವ ಅವಳನ್ನು ಕನ್ನಡಕದವಳು ಎನ್ನೋಣ. ಬೇಕರಿಯವಳು ಅವಳ ಬಾಳಸಂಗಾತಿ. ಏಳು ವರ್ಷದ ಹುಡುಗಿ ಗುಂಡಿ, ಕನ್ನಡಕದವಳ ಮುರಿದ ಮದುವೆಯಲ್ಲಿ ಉಳಿದ ಏಕೈಕ ಲಾಭ. ಗುಂಡಿ ಎಂದರೆ ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ. ಅವಳು ಇಬ್ಬರನ್ನೂ ಅಮ್ಮ ಎನ್ನುತ್ತಿದ್ದಳು. ಕರೆಗಂಟೆ ಆದ ಕೂಡಲೇ ಒಬ್ಬಳನ್ನು ಆಂಟಿ ಎನ್ನುತ್ತಿದ್ದಳು. ಮಗು ಜಾಣೆ, ಒಮ್ಮೆಯೂ ತಪ್ಪಲಿಲ್ಲ.

ಇಷ್ಟೆಲ್ಲ ಯಾರಿಗಾಗಿ? ನಾಲ್ಕು ಜನಕ್ಕಾಗಿ. "ನಾಲ್ಕು ಜನ ಏನಂತಾರೆ" ಎನ್ನುವುದು ಆ ಮನೆಯ ಸಂವಿಧಾನ.

ಈ ನಾಲ್ಕು ಜನರನ್ನು ಕನ್ನಡಕದವಳು ಚಿಕ್ಕಂದಿನಿಂದ ಹುಡುಕುತ್ತಿದ್ದಳು. ಅವಳಿಗೆ ಆಟಿಸಂ ಇದೆ ಎಂದು ಡಾಕ್ಟರು ಹೇಳಿದ್ದು ಮೂವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಅದರ ಹೆಸರು ಮೊಂಡುತನ ಎಂದಿತ್ತು. ಯಾರ ಮಾತನ್ನೇ ಆಗಲಿ ಅವಳು ಅವರು ಆಡಿದ ಹಾಗೆಯೇ ತೆಗೆದುಕೊಳ್ಳುತ್ತಿದ್ದಳು. ಬಾಯಿಗೆ ಬೀಗ ಹಾಕು ಎಂದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳುತ್ತಿದ್ದಳು. ಖುಷಿಯಾದರೆ ಅವಳ ಎರಡೂ ಕೈ ತಂತಾವೇ ಗಾಳಿಯಲ್ಲಿ ಪಟಪಟ ಬಡಿಯುತ್ತಿದ್ದವು. "ಕೈ ಕಟ್ಟಿ ಕೂರು, ನಾಲ್ಕು ಜನ ನೋಡ್ತಾರೆ" ಎಂದು ಅಮ್ಮ ಗದರಿದಾಗ ಅವಳು ನಿಜಕ್ಕೂ ತಿರುಗಿ ನೋಡುತ್ತಿದ್ದಳು. ಒಮ್ಮೆ ಛತ್ರಿ ಹಿಡಿದು ಹೋಗುತ್ತಿದ್ದವರೊಬ್ಬರನ್ನು ನಿಲ್ಲಿಸಿ, "ಸಾರ್, ನೀವು ಅವರಲ್ಲಿ ಒಬ್ಬರಾ? ಉಳಿದ ಮೂವರು ಎಲ್ಲಿ?" ಎಂದು ಕೇಳಿದ್ದಳು. ಆತ ಆ ಬೀದಿಗೆ ಮತ್ತೆ ಕಾಲಿಡಲಿಲ್ಲ.

ಕೊನೆಗೆ ಅವರು ಸಿಕ್ಕಿದ್ದು ಇಂಟರ್‌ನೆಟ್ಟಿನಲ್ಲಿ.

ಅವಳಿಗೆ ಒಂದು ಹುಚ್ಚಿತ್ತು. ಟಿವಿಯಲ್ಲಿ ಬರುವ ಸಮುದ್ರದ ತಳದ ಅಂಚೆಕಚೇರಿಯ ಧಾರಾವಾಹಿ. ಮುಳುಗಿದ ಹಡಗುಗಳಿಗೆ ಬಂದ ಕಾಗದಗಳನ್ನು ಅಲ್ಲಿ ವಿಂಗಡಿಸಿ ಹಂಚುತ್ತಾರೆ. ಗುಮಾಸ್ತ ಒಂದು ಆಕ್ಟೋಪಸ್, ಹೆಸರು ಎಂಟುಗೈ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಕೈ ಸುಮ್ಮನಿಡಲೂ ಬರುವುದಿಲ್ಲ. ಕನ್ನಡಕದವಳಿಗೆ ಅದು ಸ್ವಂತ ಅಣ್ಣನಿದ್ದ ಹಾಗೆ. ಹೊಸ ಕಂತುಗಳಲ್ಲಿ ಧಾರಾವಾಹಿಯವರು, ನೋಡಲು ಲಕ್ಷಣವಾಗಿರಲಿ ಎಂದು, ಎಂಟುಗೈಗೆ ಎಂಟು ಗವಸು ತೊಡಿಸಿ ಕೈಗಳನ್ನು ಹಿಂದಕ್ಕೆ ಕಟ್ಟಿಸಿಬಿಟ್ಟರು. ಕನ್ನಡಕದವಳಿಗೆ ಮೈಯೆಲ್ಲ ಉರಿಯಿತು. "ಆಟಿಸಂ ಇರುವ, ಹೆಣ್ಣನ್ನು ಪ್ರೀತಿಸುವ ಒಬ್ಬ ತಾಯಿ ಬರೆಯುವ ಬ್ಲಾಗು" ಎಂದು ಮೇಲೆ ಹಾಕಿ, ಹೆಸರು ಮಾತ್ರ ಹಾಕದೆ, ಬರೆಯತೊಡಗಿದಳು. ಕೈ ಕಟ್ಟಿಸಿದವರ ನ್ಯಾಯ, ಕಟ್ಟಿಸಿಕೊಂಡವರ ನ್ಯಾಯ, ಒಂದು ಆಕ್ಟೋಪಸ್‌ನಿಂದ ಶುರುವಾಗಿ ಶಾಲೆ, ಆಫೀಸು, ಅಡುಗೆಮನೆಗಳ ತನಕ.

ಒಂದು ಸಂಜೆ ಅವಳು ಫೋನು ಹಿಡಿದು ಓಡಿ ಬಂದಳು. "ಅಮ್ಮಾ, ಸಿಕ್ಕಿದ್ರು."

"ಯಾರೇ?"

"ನಾಲ್ಕು ಜನ. ನೋಡು, ಓದುಗರು ನಾಲ್ಕು ಅಂತ ತೋರಿಸ್ತಿದೆ."

ಅಭ್ಯಾಸಬಲದಿಂದ ಅಜ್ಜಿಯ ಬಾಯಲ್ಲಿ ಮಾತು ತಾನಾಗಿ ಬಂತು. "ಏನಂತಾರೆ?"

"ಎಂಟುಗೈಗೆ ಅನ್ಯಾಯ ಆಗಿದೆ ಅಂತಾರೆ."

ಆ ನಾಲ್ವರಲ್ಲಿ ಒಬ್ಬ ಲಾರಿ ಡ್ರೈವರು, ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ರಿಟೈರಾದ ಗಣಿತದ ಟೀಚರು, ಇನ್ನೊಬ್ಬಳು ನರ್ಸು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಎಂಟುಗೈ ವಿಷಯಕ್ಕೆ ಮಾತ್ರ ದಿನಾ ಜಗಳವಾಡುತ್ತಿದ್ದರು, ಒಡಹುಟ್ಟಿದವರ ಹಾಗೆ.

ಇಲ್ಲಿಯವರೆಗೆ ಇದು ನಗುವ ಕತೆ. ಇನ್ನು ಸ್ವಲ್ಪ ದೂರ ನಗದೆ ಕೇಳಬೇಕು.

ಒಂದು ಮಧ್ಯಾಹ್ನ ಶಾಲೆಯಲ್ಲಿ ಗುಂಡಿ ಜಾರುಬಂಡೆಯಿಂದ ಬಿದ್ದು ಮುಂಗೈ ಮುರಿದುಕೊಂಡಳು. ಬೇಕರಿ ಶಾಲೆಯ ಬೆನ್ನಿಗೇ ಇತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬೇಕರಿಯವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿದಳು. ಆಫೀಸಿನ ಗುಮಾಸ್ತೆ ತಡೆದಳು.

"ನೀವು ಮಗುಗೆ ಏನಾಗಬೇಕು?"

ಬೇಕರಿಯವಳು ಬಾಯಿ ತೆರೆದಳು. ಕೈಗೆ ಮೆತ್ತಿದ ಹಿಟ್ಟನ್ನು ಒರೆಸಿಕೊಳ್ಳತೊಡಗಿದಳು. ಗುಮಾಸ್ತೆ ಮಗುವನ್ನು ಕೇಳಿದಳು. "ಪುಟ್ಟಿ, ಇವರು ಯಾರು ಹೇಳು?"

ಗುಂಡಿ ನೆಟ್ಟಗೆ ಕುಳಿತು ಹೇಳಿದಳು. "ನಮ್ಮನೆ ಬಾಡಿಗೆಯವರು."

ಬಾಡಿಗೆಯವರ ಜೊತೆ ಮಗುವನ್ನು ಕಳಿಸುವ ಹಾಗಿಲ್ಲ. ಬೇಕರಿಯವಳು ಗಾಜಿನ ಬಾಗಿಲ ಆಚೆ ಬೆಂಚಿನ ಮೇಲೆ ಕುಳಿತಳು. ಮಗು ಈಚೆ ಕುಳಿತಿತ್ತು. ಊರಿನ ಇನ್ನೊಂದು ತುದಿಯಿಂದ ಎರಡು ಬಸ್ಸು ಬದಲಾಯಿಸಿ ಕನ್ನಡಕದವಳು ಬರುವವರೆಗೂ ಹಾಗೇ ಇದ್ದರು, ಗಾಜಿನ ಎರಡು ಬದಿ. ಗುಂಡಿ ಅಳಲಿಲ್ಲ. ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಕಚ್ಚಿಕೊಂಡು, ನೆಂಟರ ಮುಂದೆ ಕೂರುವ ಹಾಗೆ ಕೂತಿದ್ದಳು. ತಾಯಿಯನ್ನು ಕಂಡೊಡನೆ ಮೊದಲು ಕೇಳಿದ್ದು ಇದು:

"ಅಮ್ಮ, ನಾನು ಸರಿಯಾಗಿ ಹೇಳ್ದೆ ಅಲ್ವಾ?"

ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, "ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದು ಗದರಿದರು.

ಮನೆಗೆ ಬಂದ ಮೇಲೆ ಬೇಕರಿಯವಳು ಯಾರೂ ಕೇಳದ ಹಿಟ್ಟನ್ನು ಕಲಸಿ ನಾದತೊಡಗಿದಳು. ಬಹಳ ಹೊತ್ತು ನಾದಿದ ಮೇಲೆ ಹೇಳಿದಳು.

"ಮಗು ಸುಳ್ಳು ಹೇಳಿಲ್ಲ ಕಣೇ. ಹೇಳಿ ಹೇಳಿ ನಾವೇ ಅದನ್ನ ನಿಜ ಮಾಡಿದೀವಿ. ಭಾನುವಾರ ನಿಮ್ಮ ದೊಡ್ಡಪ್ಪ ಬರ್ತಾರಲ್ಲ, ಅವತ್ತೂ ನಾನು ಬಾಡಿಗೆಯವಳೇ ಆದ್ರೆ, ಸೋಮವಾರ ಖಾಲಿ ಮಾಡ್ತೀನಿ. ಬಾಡಿಗೆಯವರು ಮಾಡೋದು ಅದನ್ನೇ ತಾನೆ?"

ಕನ್ನಡಕದವಳು ಮಾತನ್ನು ಆಡಿದ ಹಾಗೆಯೇ ತೆಗೆದುಕೊಳ್ಳುವವಳು. ಸಂಗಾತಿ ಖಾಲಿ ಮಾಡುತ್ತೇನೆ ಎಂದರೆ ಖಾಲಿ ಮಾಡುತ್ತಾಳೆ. ಅವಳು ನೇರವಾಗಿ ಅಜ್ಜಿಯ ಕುರ್ಚಿಯ ಮುಂದೆ ಹೋಗಿ ನಿಂತಳು.

"ಅಮ್ಮ, ಭಾನುವಾರ ದಿಂಬು ಬೀರುಗೆ ಹೋಗಲ್ಲ. ಫೋಟೊ ತಿರುಗಲ್ಲ."

"ಮುಚ್ಚೋದಕ್ಕೆ ಮರ್ಯಾದೆ ಅಂತಾರೆ ಕಣೇ. ನಾನೇನು ಅವಳನ್ನ ಮನೆಯಿಂದ ಓಡಿಸಿದೀನಾ? ಅವಳ ಕೈಯ ಬ್ರೆಡ್ ತಿಂತಿಲ್ವಾ? ಹೊರಗೆ ಹೇಳಬೇಡಿ ಅಂದೆ, ಅಷ್ಟೇ."

"ಹೊರಗೆ ಹೇಳದೆ ಇದ್ದಿದ್ದಕ್ಕೆ ಮಗು ಕೈ ಮುರಿದುಕೊಂಡು ಹೊರಗಿನವರ ಜೊತೆ ಕೂತಿತ್ತು. ಮನೆಯವಳು ಬಾಗಿಲಾಚೆ ಇದ್ಲು. ಇದು ಮರ್ಯಾದೆಯಾ?"

"ನೀನು ದೊಡ್ಡ ಲಾಯರು. ನಾಳೆ ನಾನು ಸತ್ರೆ ಹೊರೋಕೆ ನಾಲ್ಕು ಜನ ಬೇಕು. ಇದನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡು ತಿರುಗಿದ್ರೆ ಯಾರು ಬರ್ತಾರೆ?"

ಕನ್ನಡಕದವಳ ಹಣೆಯಲ್ಲಿ ಗೆರೆ ಮೂಡಿತು. ಸೋತಳೇನೋ ಎಂದುಕೊಂಡರು ಅಜ್ಜಿ. ಅವಳು ಸೋತಿರಲಿಲ್ಲ, ಯೋಚಿಸುತ್ತಿದ್ದಳು. ಇಷ್ಟು ವರ್ಷ ಅಮ್ಮ ನಾಲ್ಕು ಜನ ಏಕೆ ಬೇಕು ಎಂದು ಹೇಳಿರಲೇ ಇಲ್ಲ. ಹೊರುವುದಕ್ಕೋ. ಅಷ್ಟೇ ತಾನೆ.

ಆ ಸಂಜೆ ಬ್ಲಾಗಿನಲ್ಲಿ ಅವಳು ಮೊದಲ ಬಾರಿಗೆ ತನ್ನ ಹೆಸರು ಹಾಕಿ ಬರೆದಳು. "ಎಂಟುಗೈಗೆ ಗವಸು ತೊಡಿಸಿದ ಧಾರಾವಾಹಿಯವರನ್ನು ಇಷ್ಟು ದಿನ ಬೈದೆ. ನನ್ನ ಮಗಳಿಗೆ ಗವಸು ತೊಡಿಸಿದವಳು ನಾನೇ." ಶಾಲೆ, ಗಾಜಿನ ಬಾಗಿಲು, ಬೆಂಚು, ಎಲ್ಲವನ್ನೂ ಬರೆದಳು. ಕೊನೆಯಲ್ಲಿ ಒಂದು ಪ್ರಶ್ನೆ: "ನಮ್ಮಮ್ಮನಿಗೆ ಹೊರೋಕೆ ನಾಲ್ಕು ಜನ ಬೇಕಂತೆ. ಭಾನುವಾರ ಬಿಡುವಿದೆಯಾ?" ಕೆಳಗೆ ವಿಳಾಸ.

ಭಾನುವಾರ ಕರೆಗಂಟೆ ಸದ್ದು ಮಾಡಿತು. "ಬಂದ್ರು" ಎಂದರು ಅಜ್ಜಿ. ಯಾರೂ ಅಲುಗಲಿಲ್ಲ. ಬಾಗಿಲು ಆ ಮನೆಯ ಇತಿಹಾಸದಲ್ಲೇ ಮೊದಲ ಬಾರಿಗೆ ತಟ್ಟನೆ ತೆರೆಯಿತು. ದೊಡ್ಡಪ್ಪ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಲಿಫ್ಟು ಕೆಟ್ಟು ತಿಂಗಳುಗಳಾಗಿದ್ದವು. ಮಂಡಿನೋವಿನ ಅಜ್ಜಿ ಅಂದಿನಿಂದ ಬೀದಿಯನ್ನು ಕಿಟಕಿಯಿಂದ ಮಾತ್ರ ನೋಡಿದ್ದರು.

ದೊಡ್ಡಪ್ಪ ಗೋಡೆಯ ಫೋಟೊ ನೋಡಿದರು. ಅದರಲ್ಲಿ ಮೂವರು ನಗುತ್ತಿದ್ದರು. ಬೇಕರಿಯವಳ ಕಡೆ ತಿರುಗಿ, ಮರ್ಯಾದೆಗೆ ಕೇಳಿದರು. "ಬಾಡಿಗೆಯವರು ಚೆನ್ನಾಗಿದೀರಾ?"

ಬೇಕರಿಯವಳು ಕನ್ನಡಕದವಳನ್ನು ನೋಡಿದಳು. ಗುಂಡಿಯೂ ಪ್ಲಾಸ್ಟರಿನ ಕೈ ಎದೆಗವಚಿಕೊಂಡು ನೋಡಿದಳು. ಕನ್ನಡಕದವಳು ತೊಡೆಯ ಮೇಲೆ ಒತ್ತಿ ಹಿಡಿದಿದ್ದ ಕೈಗಳನ್ನು ಬಿಟ್ಟಳು. ಅವು ಪಟಪಟನೆ ಹಾರಿದವು.

"ಬಾಡಿಗೆಯವಳಲ್ಲ ದೊಡ್ಡಪ್ಪ. ನನ್ನ ಸಂಗಾತಿ. ಗುಂಡಿಗೆ ಇನ್ನೊಬ್ಬ ಅಮ್ಮ."

ದೊಡ್ಡಪ್ಪ ನಿಧಾನಕ್ಕೆ ಕುಳಿತರು. "ನೋಡಮ್ಮ, ಇದು ನಮಗ್ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ಯಾ? ನಿಮ್ಮ ದೊಡ್ಡಮ್ಮನಿಗೆ ಮೊದಲ ದಿನವೇ ಗೊತ್ತಿತ್ತು."

ಬೇಕರಿಯವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ನನ್ನ ಹತ್ರ ಬಾಡಿಗೆ ವಿಚಾರ ಮಾತಾಡಿದ್ರಲ್ಲ?"

"ಗೊತ್ತಿರೋದು ಬೇರೆ, ಹೇಳೋದು ಬೇರೆ. ಹೇಳಬಾರದು. ಅದೇ ಪದ್ಧತಿ. ಹೇಳಿಬಿಟ್ರೆ ನಾಲ್ಕು ಜನ ಏನಂತಾರೆ?"

ಕರೆಗಂಟೆ ಸದ್ದು ಮಾಡಿತು.

"ಕೇಳೋಣ ಇರಿ" ಎಂದಳು ಕನ್ನಡಕದವಳು. "ಬಂದಿದ್ದಾರೆ."

ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು: ಬಾಗಿಲಿನಷ್ಟೇ ಅಗಲದ ಒಬ್ಬ ಮನುಷ್ಯ, ಕೂದಲು ನೆರೆತ ಒಬ್ಬ ಹೆಂಗಸು, ಶುಭ್ರ ಹಲ್ಲಿನ ಒಬ್ಬರು, ಎಂಟುಗೈ ಚಿತ್ರದ ಅಂಗಿ ತೊಟ್ಟ ಒಬ್ಬಳು.

"ಯಾರಪ್ಪ ನೀವು?" ಎಂದರು ಅಜ್ಜಿ.

ಲಾರಿ ಡ್ರೈವರು ಕೈಮುಗಿದ. "ನಾವು ನಾಲ್ಕು ಜನ."

ಅಜ್ಜಿಯ ಬಾಯಿಗೆ ತಾನಾಗಿ ಬೀಗ ಬಿತ್ತು. ದೊಡ್ಡಪ್ಪ ಎದ್ದು ನಿಂತವರು ಮತ್ತೆ ಕುಳಿತರು.

"ಹೊರಬೇಕು ಅಂತ ಬರೆದಿದ್ರಿ" ಎಂದರು ಟೀಚರು. "ಯಾರನ್ನ?"

"ಅಯ್ಯೋ, ನಾನಿನ್ನೂ ಸತ್ತಿಲ್ಲ" ಎಂದರು ಅಜ್ಜಿ.

"ಪರವಾಗಿಲ್ಲ ಬಿಡಿ ಅಮ್ಮ" ಎಂದ ಡ್ರೈವರು. "ಬದುಕಿರೋರನ್ನ ಹೊತ್ರೆ ಎಲ್ಲಿಗೆ ಅಂತ ಅವರೇ ಹೇಳ್ತಾರೆ. ಅನುಕೂಲ."

ನರ್ಸು ಆಗಲೇ ಮಂಡಿ ಮುಟ್ಟಿ ನೋಡುತ್ತಿದ್ದಳು. ಹಲ್ಲಿನ ಡಾಕ್ಟರು ಕುರ್ಚಿಯ ಕಾಲು ಗಟ್ಟಿಯಾಗಿದೆಯೇ ಎಂದು ಅಲುಗಿಸಿ ನೋಡಿದರು, ಉದ್ಯೋಗದ ಅಭ್ಯಾಸ. ಟೀಚರು ಮೆಟ್ಟಿಲ ತಿರುವಿಗೆ ಕುರ್ಚಿ ಯಾವ ಕೋನದಲ್ಲಿ ತಿರುಗಬೇಕೆಂದು ಗಾಳಿಯಲ್ಲಿ ಬರೆದು ತೋರಿಸಿದರು. ಅಜ್ಜಿ ಬೇಡ ಬೇಡ ಎಂದರು. ಆದರೆ ಕಣ್ಣು ಕಿಟಕಿಯ ಕಡೆಗಿತ್ತು, ಬೀದಿಯ ಕಡೆಗಿತ್ತು. ಬೇಡ ಎನ್ನುವವರು ಕೂದಲು ಸರಿಮಾಡಿಕೊಳ್ಳುವುದಿಲ್ಲ. ಅಜ್ಜಿ ಸರಿಮಾಡಿಕೊಂಡರು.

ಕುರ್ಚಿ ಮೇಲೆದ್ದಿತು. ಮುಂದೆ ಗುಂಡಿ ಪೆಟ್ಟಾಗದ ಕೈ ಎತ್ತಿ, "ದಾರಿ ಬಿಡಿ, ನಮ್ಮಜ್ಜಿ ಬರ್ತಿದ್ದಾರೆ" ಎಂದು ಕೂಗುತ್ತ ಇಳಿದಳು. ಹಿಂದೆ ಕನ್ನಡಕದವಳು, ಕೈ ಹಾರಿಸುತ್ತ. ಅವಳ ಹಿಂದೆ ಚಪ್ಪಲಿ ಹಿಡಿದುಕೊಂಡು ಬೇಕರಿಯವಳು. ಮಹಡಿ ಮಹಡಿಗೂ ಬಾಗಿಲು ತೆರೆದವು. ಕೆಲವರು ಗಾಬರಿಯಿಂದ, ಛೇ ಪಾಪ, ಯಾವಾಗ ಹೋದ್ರು ಎಂದು ಕೇಳಿದರು. "ಈಗ ಹೋಗ್ತಾ ಇದೀನಿ, ಬೀದಿಗೆ" ಎಂದು ಅಜ್ಜಿ ಕುರ್ಚಿಯ ಮೇಲಿನಿಂದಲೇ ಉತ್ತರ ಕೊಟ್ಟರು. ದೊಡ್ಡಪ್ಪ ಮಾತ್ರ ಬರಲಿಲ್ಲ. ಖಾಲಿ ಕೋಣೆಯಲ್ಲಿ ಕುಳಿತು, ಪದ್ಧತಿಯನ್ನು ಫೋಟೊಗೆ ವಿವರಿಸುತ್ತಿದ್ದರಂತೆ.

ಕೆಳಗೆ ಕುರ್ಚಿ ಇಳಿಸಿದಾಗ ಅರ್ಧ ಬೀದಿ ನೆರೆದಿತ್ತು. ಅಜ್ಜಿ ಬಿಸಿಲಿಗೆ ಮುಖವೊಡ್ಡಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಎದುರು ಮನೆಯ ದರ್ಜಿ, ಕಂಡಾಪಟ್ಟೆ ವಿಷಯ ತಿಳಿದಿದ್ದೂ ಏನೂ ತಿಳಿಯದವನ ಹಾಗೆ, ಬೇಕರಿಯವಳನ್ನು ತೋರಿಸಿ ಕೇಳಿದ. "ಅಜ್ಜಿ, ಇವರು ನಿಮಗೆ ಏನಾಗಬೇಕು?"

ಶಾಲೆಯ ಗುಮಾಸ್ತೆ ಕೇಳಿದ್ದೂ ಇದೇ ಮಾತು. ಬೇಕರಿಯವಳು ಬಗ್ಗಿ ಚಪ್ಪಲಿ ಇಡುತ್ತಿದ್ದವಳು ಹಾಗೇ ನಿಂತಳು. ಗುಂಡಿ ಅಜ್ಜಿಯ ಮುಖ ನೋಡಿದಳು. ಕನ್ನಡಕದವಳ ಕೈಗಳು ಗಾಳಿಯಲ್ಲೇ ನಿಂತವು.

ಅಜ್ಜಿ ದರ್ಜಿಯನ್ನು ನೋಡಿದರು. ಇನ್ನೂ ಏದುಸಿರು ಬಿಡುತ್ತಿದ್ದ ನಾಲ್ಕು ಜನರನ್ನು ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡು ಮುಖ ಗಂಟಿಕ್ಕಿದರು.

"ಸೊಸೆ ಕಣಪ್ಪ. ನೋಡು ಇವಳ ಚಂದ. ಮೂರು ಮಹಡಿ ಇಳಿದು ಒಂದೇ ಕಾಲಿನ ಚಪ್ಪಲಿ ತಂದಿದ್ದಾಳೆ. ನಾನು ಇನ್ನೊಂದು ಕಾಲನ್ನ ತಲೆ ಮೇಲೆ ಇಟ್ಕೊಂಡು ನಡೀಲಾ?"

ಅತ್ತೆಯ ಕೈಯಲ್ಲಿ ಬೀದಿಯ ನಡುವೆ ಬೈಸಿಕೊಂಡ ಸೊಸೆಯರು ಲೋಕದಲ್ಲಿ ಎಷ್ಟೋ ಮಂದಿ. ಅದನ್ನು ಕೇಳಿ ಹಿಟ್ಟು ನಾದುವ ಕೈಯಿಂದ ಮುಖ ಮುಚ್ಚಿಕೊಂಡು ಖುಷಿಗೆ ಅತ್ತವಳು ಇವಳೊಬ್ಬಳೇ ಇರಬೇಕು.

"ತರ್ತೀನಿ ಅತ್ತೆ" ಎಂದಳು.

"ನೀನಿರು ಅಮ್ಮ, ನಾನು ತರ್ತೀನಿ" ಎಂದು ಗುಂಡಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಮೆಟ್ಟಿಲ ಕಡೆ ಓಡಿದಳು.

ಈ ಕತೆ ಓದುತ್ತಿರುವ ಹಿರಿಯರೇ, ನಿಮ್ಮ ಮನೆಯಲ್ಲೂ ಒಂದು ಫೋಟೊ ಬೆನ್ನು ತಿರುಗಿಸಿ ನಿಂತಿರಬಹುದು, ಒಂದು ದಿಂಬು ಬೀರುವಿನಲ್ಲಿ ಮುದುಡಿ ಕೂತಿರಬಹುದು. ತೆಗೆದು ಹೊರಗಿಡಿ. ನಾಲ್ಕು ಜನ ಏನಂತಾರೋ ಎಂಬ ಭಯವೇ? ಬಾಗಿಲು ತೆರೆದು ಒಳಗೆ ಕರೆಯಿರಿ, ಕುರ್ಚಿಯ ಒಂದೊಂದು ಕಾಲು ಕೈಗೆ ಕೊಡಿ. ಹೊರುವವರಾದರೆ ಹೊರುತ್ತಾರೆ. ಹೊರದವರ ಮಾತನ್ನು ನೀವು ಏಕೆ ಹೊರುತ್ತೀರಿ?