ಕೆನೆ ಬಣ್ಣದ ಸೀಟು

"ಕಾರಿಗೇನ್ರೀ, ಜ್ವರ ಬಂದಿದ್ಯಾ?"

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿಕೊಂಡು ಕೇಳಿದರು. ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡಕದ ಅಂಗಡಿಯವರು ಬಲಗೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಮೆಲ್ಲಗೆ ಅಂಗೈ ಆಡಿಸುತ್ತಿದ್ದರು. ಬರಿಗೈಗೆ ನುಣ್ಣಗೆ ಎನಿಸುವ ಬಣ್ಣದ ಮೇಲೂ ಚೀಲ ತೊಟ್ಟ ಕೈಗೆ ಸಣ್ಣ ಹರಳುಗಳು ಸಿಕ್ಕಿಬೀಳುತ್ತವೆ. ಸಿಕ್ಕ ಕಡೆಯಲ್ಲೆಲ್ಲ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ ತಿಕ್ಕಿ ತೆಗೆಯಬೇಕು.

"ಜ್ವರ ಏನಿಲ್ಲ. ಸ್ವಲ್ಪ ಧೂಳು ಕೂತಿದೆ, ಅಷ್ಟೆ."

"ನಿಮ್ಮ ಮನೇಲಿ ಧೂಳಿಗೂ ಕೂರೋ ಭಾಗ್ಯ ಇಲ್ಲ ಬಿಡಿ," ಎಂದು ಪೋಸ್ಟ್‌ಮಾಸ್ಟರು ನಗುತ್ತ ಒಳಗೆ ಹೋದರು.

ಬೇರೆ ದಿನವಾಗಿದ್ದರೆ ಅಂಗಡಿಯವರೂ ನಗುತ್ತಿದ್ದರು. ಇವತ್ತು ನಗು ಬರಲಿಲ್ಲ. ನಾಳೆ ಬೆಳಗ್ಗೆ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮೂರನೆಯ ಸಲದ ಔಷಧಿ. ಆಕೆ ಮಾತ್ರ ಈ ಕಾರಿನಲ್ಲಿ ಬರುವುದಿಲ್ಲವೆಂದು ಕೂತಿದ್ದಳು. "ಅದರ ವಾಸನೆ ನನಗಾಗಲ್ಲ ರೀ. ಟ್ಯಾಕ್ಸಿ ಮಾಡ್ಕೊಂಡು ಹೋಗ್ತೀನಿ. ನೀವು ಅಂಗಡಿ ನೋಡ್ಕೊಳ್ಳಿ." ಅಷ್ಟು ಹೇಳಿ ಮಾತು ಮುಗಿಸಿಬಿಟ್ಟಿದ್ದಳು.

ವಾಸನೆ ತಾನೇ? ವಾಸನೆಯನ್ನು ತೆಗೆದರಾಯಿತು. ಕಣ್ಣಿಗೆ ಕಾಣದ ಗೀರನ್ನು ಗಾಜಿನ ಮೇಲೆ ಹುಡುಕಿ ಹಿಡಿಯುವ ಮನುಷ್ಯನಿಗೆ ಅದೇನು ಮಹಾ ಕೆಲಸ?

ಕಾರು ತುಂಬ ಹಳೆಯದು. ಉದ್ದಕ್ಕೆ, ಗಾಢ ನೀಲಿ ಬಣ್ಣದಲ್ಲಿ, ಯಾವುದೋ ಕಾಲದ ದೊಡ್ಡ ಮನುಷ್ಯರ ಹಾಗೆ ಗಂಭೀರವಾಗಿ ನಿಂತಿರುತ್ತದೆ. ಮೊದಲು ದೊಡ್ಡ ಡಾಕ್ಟರೊಬ್ಬರ ಬಳಿ ಇತ್ತು. ಅವರಿಗೆ ವಯಸ್ಸಾಗಿ ಮಾರುವ ಹೊತ್ತಿಗೆ ಅದರ ಹೊಟ್ಟೆಬಾಕತನಕ್ಕೆ ಹೆದರಿ ಯಾರೂ ಹತ್ತಿರ ಬರಲಿಲ್ಲ. ಡಾಕ್ಟರರ ಕನ್ನಡಕ ಸರಿಮಾಡುತ್ತಿದ್ದ ಇವರು ಮನೆಗೆ ತಂದರು. "ಆನೆ ತಂದು ಕಟ್ಟಿದೀರ, ಕಬ್ಬು ಯಾರು ತರ್ತಾರೆ?" ಎಂದು ಹೆಂಡತಿ ಅಂದೇ ಕೇಳಿದ್ದಳು. ಆನೆಯ ಚಾಕರಿಯನ್ನೆಲ್ಲ ಇವರೇ ಕಲಿತರು. ಆಯಿಲ್ ಬದಲಿಸುವುದು, ಬಾಗಿಲ ರಬ್ಬರು ಬಿರಿಯದಂತೆ ಗ್ಲಿಸರಿನ್ ಸವರುವುದು, ಡ್ಯಾಶ್‌ಬೋರ್ಡಿನ ಮರಕ್ಕೆ ಮೇಣ ತಿಕ್ಕುವುದು. ಭಾನುವಾರ ಬಂತೆಂದರೆ ಎರಡು ಬಕೆಟ್ಟು ಹೊರಗೆ ಬರುತ್ತಿದ್ದವು. ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸಲು. ಕೊಳೆಯಾದ ಬಟ್ಟೆಯನ್ನು ಮರೆತು ಸೋಪಿನ ಬಕೆಟ್ಟಿಗೆ ಅದ್ದಿದವರಿಗೆ ಆ ದಿನ ಗ್ರಹಚಾರ ಕೆಟ್ಟಿತೆಂದೇ ಅರ್ಥ.

ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಇವರ ಹಳೆಯ ಬನಿಯನ್ನುಗಳನ್ನು ಕತ್ತರಿಸಿ, ನೂಲು ಬಿಡದಂತೆ ಅಂಚು ಮಡಿಸಿ, ಒರೆಸುವ ಬಟ್ಟೆ ಮಾಡಿಕೊಡುತ್ತಿದ್ದವಳು ಆಕೆಯೇ. ಕಾರಿನ ಹೊದಿಕೆಯನ್ನು ಹೊಲಿದವಳೂ ಆಕೆಯೇ. "ಸವತಿಗೆ ಕೂತು ಬಟ್ಟೆ ಹೊಲಿಯೋ ಹೆಂಡತೀನ ಬೇರೆಲ್ಲಾದ್ರೂ ನೋಡಿದೀರಾ?" ಎಂದು ನಗುತ್ತಿದ್ದಳು. ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಳು. ಒದ್ದೆ ಕೂದಲಿನಲ್ಲಿ ಒರಗುತ್ತಿರಲಿಲ್ಲ. ಕಾರಿನೊಳಗೆ ಬಾಯಿಗೆ ಒಂದು ಪೆಪ್ಪರ್‌ಮೆಂಟನ್ನೂ ಹಾಕಿಕೊಳ್ಳುತ್ತಿರಲಿಲ್ಲ.

ಇದಕ್ಕೊಂದು ಹಿನ್ನೆಲೆ ಇತ್ತು. ಕಾರು ತಂದ ಹೊಸತರಲ್ಲಿ ಎಲ್ಲಿಗೋ ಹೊರಟಾಗ ಆಕೆ ಒಂದು ಕಿತ್ತಳೆ ಸುಲಿದಿದ್ದಳು. ಸಿಪ್ಪೆಯ ರಸ ಚಿಮ್ಮಿ ಕೆನೆ ಬಣ್ಣದ ಚರ್ಮದ ಸೀಟಿಗೆ ಬಿತ್ತು. ಇವರು ಬೈಯಲಿಲ್ಲ. ಕಾರು ನಿಲ್ಲಿಸಿ, ಜೇಬಿನಿಂದ ಬಟ್ಟೆ ತೆಗೆದು, ಒರೆಸಿ, ಮತ್ತೆ ಒರೆಸಿ, ಊರು ಮುಟ್ಟುವವರೆಗೂ ಬಾಯಿಗೆ ಬೀಗ ಹಾಕಿಕೊಂಡು ಓಡಿಸಿದರು. ಇಳಿಯುವಾಗ ನೋಡಿದರೆ ಆಕೆ ಸಿಪ್ಪೆಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದಳು. ಹೇಳಿಸಿಕೊಳ್ಳದೆ ಅರ್ಥಮಾಡಿಕೊಳ್ಳುವ ಹೆಂಡತಿ ಎಂದು ಇವರು ಎಷ್ಟೋ ವರ್ಷ ಹೆಮ್ಮೆಪಟ್ಟುಕೊಂಡಿದ್ದರು.

ಆಮೇಲೆ ಆಕೆಯ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಆಯಿತು. ಈಗ ನರಕ್ಕೆ ಹನಿಹನಿಯಾಗಿ ಔಷಧಿ ಇಳಿಸುವ ಸರದಿ. ಎರಡನೆಯ ಸಲ ಮುಗಿಸಿಕೊಂಡು ಬರುವಾಗ, ಓಡುತ್ತಿದ್ದ ಕಾರಿನಲ್ಲಿ ಹಿಂದಿನಿಂದ ಟಕ್ಕೆಂದು ಸದ್ದಾಯಿತು. ಗಾಳಿ ಒಳಗೆ ನುಗ್ಗಿತು. ಕನ್ನಡಿಯಲ್ಲಿ ನೋಡಿದರೆ ಆಕೆ ಬಾಗಿಲು ತೆರೆದು, ಒಂದು ಕೈಯಲ್ಲಿ ಮುಂದಿನ ಸೀಟನ್ನು ಹಿಡಿದು, ಅರ್ಧ ದೇಹ ಹೊರಗೆ ಬಾಗಿಸಿ ವಾಂತಿ ಮಾಡುತ್ತಿದ್ದಳು. ಇವರು ಬ್ರೇಕ್ ಒತ್ತಿದ ರಭಸಕ್ಕೆ ಹಿಂದೆ ಬರುತ್ತಿದ್ದ ಬೈಕಿನವನು ಬೈದುಕೊಂಡು ಪಕ್ಕಕ್ಕೆ ಹಾರಿದ. ಇಳಿದು ಓಡಿದಾಗ ಆಕೆ ಬಾಯಿ ಒರೆಸಿಕೊಳ್ಳುತ್ತ ಹೇಳಿದ ಮೊದಲ ಮಾತು, "ಸೀಟಿಗೆ ಏನೂ ಆಗ್ಲಿಲ್ಲ, ನೋಡಿ."

"ಬುದ್ಧಿ ಇದ್ಯೇನೇ ನಿನಗೆ? ಬಿದ್ದಿದ್ರೆ?" ಎಂದು ಇವರು ಕೂಗಾಡಿದರು. ಅಷ್ಟು ಹೆದರಿಕೆಯಲ್ಲೂ ಕಣ್ಣು ಒಂದು ಗಳಿಗೆ ಸೀಟಿನ ಕಡೆ ಹೋಗಿಯೇ ಹೋಯಿತು. ಅದನ್ನು ಆಕೆ ನೋಡಿದಳು.

ಈಗ ಅದೇ ಸೀಟಿನ ಮುಂದೆ ಅವರು ಮಂಡಿಯೂರಿದ್ದರು. ಹಳೆಯ ಶೇವಿಂಗ್ ಬ್ರಷ್ಷಿನಿಂದ ಹೊಲಿಗೆಗಳ ಸಂದಿ ಬಿಡಿಸಿದರು. ಪರಿಮಳವಿಲ್ಲದ ಸೋಪಿನ ನೊರೆಯಲ್ಲಿ ಚರ್ಮ ತೊಳೆದು, ಒದ್ದೆ ಬಟ್ಟೆ, ಒಣ ಬಟ್ಟೆ, ಮತ್ತೆ ಒದ್ದೆ ಬಟ್ಟೆ. ಕಾರ್ಪೆಟ್ ತೆಗೆದು ಬಿಸಿಲಿಗೆ ಹಾಕಿದರು. ಇಷ್ಟು ವರ್ಷ ಸೀಟಿಗೆ ಸವರುತ್ತಿದ್ದ ಕ್ರೀಮಿನ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದರು. ಮಧ್ಯಾಹ್ನವಾಗುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು, ಆದರೆ ಕಾರಿನೊಳಗೆ ತೊಳೆದ ತಟ್ಟೆಯಷ್ಟು ವಾಸನೆಯೂ ಉಳಿದಿರಲಿಲ್ಲ. ಇಷ್ಟು ಚೊಕ್ಕವಾಗಿ ಅದು ಡಾಕ್ಟರರ ಕಾಲದಲ್ಲೂ ಇದ್ದಿರಲಾರದು.

"ಬಾರೇ ಇಲ್ಲಿ, ಒಂದು ನಿಮಿಷ!"

ಆಕೆ ಬಂದಳು. ತಲೆಗೆ ಹತ್ತಿಬಟ್ಟೆಯ ಸ್ಕಾರ್ಫು, ಕುತ್ತಿಗೆಯಲ್ಲಿ ಅಳತೆಯ ಟೇಪು. ಬಾಗಿಲಲ್ಲಿ ಬಗ್ಗಿ ಮೂಸಿದಳು.

"ಹೌದು, ವಾಸನೆ ಇಲ್ಲ," ಎಂದಳು. ಮುಖ ಅರಳುತ್ತದೆಂದು ಇವರು ಕಾದರು. ಆಕೆ ಹೊಳೆಯುವ ಸೀಟನ್ನು ನೋಡುತ್ತ ನೋಡುತ್ತ ಇನ್ನಷ್ಟು ಬಾಡಿದಳು. "ತುಂಬಾ ಚೆನ್ನಾಗಿದೆ. ಟ್ಯಾಕ್ಸಿಯವನಿಗೆ ಹೇಳ್ಬಿಟ್ಟಿದೀನಿ ರೀ. ಬೆಳಗ್ಗೆ ಬರ್ತಾನೆ."

"ವಾಸನೆ ಹೋಯ್ತು ಅಂತ ನೀನೇ ಅಂದ್ಯಲ್ಲ!"

ಆಕೆ ಒಳಗೆ ಹೋದಳು. ಇವರು ಒದ್ದೆ ಕೈಯಲ್ಲೇ ಹಿಂದೆ ಹೋದರು. ಹೊಲಿಗೆ ಯಂತ್ರದ ಮೇಲೆ ಅಗಲವಾದ ರೆಕ್ಸಿನ್ ಹರವಿತ್ತು. ಸೀಟಿನ ಅಳತೆಗೆ ಕತ್ತರಿಸಿ, ಸುತ್ತ ಎತ್ತರದ ಪಟ್ಟಿ ಕೊಟ್ಟಿದ್ದಳು. ಬಿಚ್ಚಿ ಹೊಲಿದ, ಮತ್ತೆ ಬಿಚ್ಚಿದ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು.

"ಏನಿದು?"

"ನಿಮ್ಮ ಕಾರಲ್ಲೇ ಬರೋಣ ಅಂತಾನೇ ಇತ್ತು. ಇದನ್ನ ಹಾಸ್ಕೊಂಡು ಕೂತ್ರೆ ಒಂದು ಹನಿನೂ ಹೊರಗೆ ಹೋಗ್ಬಾರದು ಅಂತ ಹೊಲಿದೆ. ಮೂಲೆ ಸರಿಹೋಗ್ಲಿಲ್ಲ." ಆಕೆ ರೆಕ್ಸಿನ್ನನ್ನು ಮಡಚತೊಡಗಿದಳು. "ಟ್ಯಾಕ್ಸೀಲಿ ವಾಂತಿ ಆದ್ರೆ ಅವನು ಬೈತಾನೆ. ಬೈದ್ರೆ ಬೈಸ್ಕೋತೀನಿ. ನೀವು ಬೈಯಲ್ಲ. ಸುಮ್ನೆ ಒರೆಸ್ತೀರ. ಅದನ್ನ ನೋಡ್ಕೊಂಡು ಕೂರೋ ಶಕ್ತಿ ಈಗ ನನಗಿಲ್ಲ."

ಕೋಪದಿಂದ ಹೇಳಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಬಟ್ಟೆಯ ಅಳತೆ ಹೇಳಿದಷ್ಟು ಸಹಜವಾಗಿ ಹೇಳಿದ್ದಳು. ಅಂಗಡಿಯವರಿಗೆ ಈಗ ಅರ್ಥವಾಯಿತು. ಓಡುವ ಕಾರಿನ ಬಾಗಿಲನ್ನು ತೆರೆದದ್ದು ಆಕೆಯ ಕೈ, ತೆರೆಸಿದ್ದು ತನ್ನ ಮೌನ. ಹೊರಗೆ ಬಂದು ಬಕೆಟ್ಟು ಎತ್ತಿಟ್ಟರು. ಮೇಣ ಹಚ್ಚುವುದು ಬಾಕಿ ಇತ್ತು. ಹಚ್ಚಲಿಲ್ಲ.

ಬೆಳಗ್ಗೆ ಆಕೆ ಆಸ್ಪತ್ರೆಯ ಚೀಲ ಹಿಡಿದು ಹೊರಬಂದಾಗ ಟ್ಯಾಕ್ಸಿ ಗೇಟಿನ ಮುಂದೆ ನಿಂತಿತ್ತು. ಪೋರ್ಟಿಕೋದಲ್ಲಿ ಕಾರಿನ ಹಿಂದಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಕೆನೆ ಬಣ್ಣದ ಸೀಟಿನಲ್ಲಿ, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ, ಅಂಗಡಿಯವರು ಕೂತಿದ್ದರು. ಕೈಯಲ್ಲಿ ಕಿತ್ತಳೆ.

"ಏನ್ರೀ ಮಾಡ್ತಿದೀರ?"

"ಹಣ್ಣು ತಿಂತಿದೀನಿ."

ಹೆಬ್ಬೆರಳು ಸಿಪ್ಪೆಯೊಳಗೆ ಒತ್ತಿದಾಗ ರಸ ಚಿಮ್ಮಿತು. ಸೀಟಿನ ಮೇಲೆ ಸಣ್ಣ ಸಣ್ಣ ಚುಕ್ಕೆ. ಸುಲಿಯುವುದು ಬಾರದವರ ಹಾಗೆ ಚೂರುಚೂರಾಗಿ ಕಿತ್ತು ಪಕ್ಕದಲ್ಲೇ ಹಾಕುತ್ತಿದ್ದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು ಬೀಜವನ್ನು ಕಾರ್ಪೆಟ್ಟಿನ ಮೇಲೆ ಉಗಿದರು. ಆಕೆ "ಅಯ್ಯಯ್ಯೋ!" ಎಂದು ಚೀಲ ಕೆಳಗಿಟ್ಟು, ಕರ್ಚೀಫು ತೆಗೆದು ಒರೆಸಲು ಬಗ್ಗಿದಳು. ಅವರು ಆ ಕೈ ಹಿಡಿದುಕೊಂಡರು. ಬಿಡಲಿಲ್ಲ.

"ಒರೆಸ್ಬೇಡ. ಇರ್ಲಿ ಬಿಡು."

"ಕಲೆ ನಿಲ್ಲುತ್ತೆ ರೀ."

"ನಿಲ್ಲಲಿ. ಅದಕ್ಕೇನೀಗ? ಇದನ್ನ ಅವತ್ತೇ ಹೇಳ್ಬೇಕಿತ್ತು ಕಣೇ."

ಆಕೆ ಸೀಟನ್ನು ನೋಡಿದಳು, ಗಂಡನ ಚಪ್ಪಲಿ ನೋಡಿದಳು, ಅಂಟಂಟಾದ ಬೆರಳು ನೋಡಿದಳು. ಗೋಡೆಯ ಆಚೆ ಹಲ್ಲುಜ್ಜುತ್ತ ನಿಂತಿದ್ದ ಪೋಸ್ಟ್‌ಮಾಸ್ಟರ ಬ್ರಷ್ಷು ಬಾಯಲ್ಲೇ ನಿಂತುಹೋಗಿತ್ತು.

"ಹುಳಿ ಇದ್ಯಾ?" ಎಂದು ಕೇಳಿದಳು ಕೊನೆಗೆ.

"ಇದೆ. ಹಲ್ಲು ಚುಳ್ ಅನ್ನೋ ಅಷ್ಟು."

"ಹಾಗಾದ್ರೆ ಕೊಡಿ. ಸಿಹಿ ಈಗ ಒಗ್ಗಲ್ಲ." ಚಪ್ಪಲಿ ಬಿಚ್ಚಲು ಅಭ್ಯಾಸಬಲದಿಂದ ಬಗ್ಗಿದವಳು ತಡೆದು, ಹಾಗೆಯೇ ಹತ್ತಿ, ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ ಕೂತಳು. ಟ್ಯಾಕ್ಸಿಯವನು ಹಾರ್ನ್ ಒತ್ತಿದ. "ಇವತ್ತು ಬೇಡಪ್ಪ, ತಪ್ಪು ತಿಳ್ಕೋಬೇಡ," ಎಂದು ಕೂಗಿ ಹೇಳಿ ಅಂಗಡಿಯವರು ಮುಂದೆ ಹೋಗಿ ಕೂತರು.

ದಾರಿಯುದ್ದಕ್ಕೂ ಕಿತ್ತಳೆಯ ವಾಸನೆ. ಕನ್ನಡಿಯಲ್ಲಿ ನೋಡಿದರೆ ಆಕೆ ಹಣೆಯನ್ನು ಗಾಜಿಗೆ ಆನಿಸಿ ನಿದ್ದೆ ಹೋಗಿದ್ದಳು. ಕೊನೆಯ ತೊಳೆ ಇನ್ನೂ ಕೈಯಲ್ಲಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಇಳಿದು, "ನಾನು ಒಳಗಿರ್ತೀನಿ, ನೀವು ಗಾಡಿ ನಿಲ್ಸಿ ಬನ್ನಿ," ಎಂದು ನಿಧಾನವಾಗಿ ನಡೆದಳು. ಕಾರನ್ನು ಮರದಡಿಗೆ ಒಯ್ದು ನಿಲ್ಲಿಸಿ ಇಳಿದಾಗ ಎಳೆಬಿಸಿಲು ಹಿಂದಿನ ಗಾಜಿನ ಮೇಲೆ ಬಿದ್ದಿತ್ತು. ಆಕೆಯ ಹಣೆ ತಾಗಿದ್ದ ಕಡೆ ಅಂಗೈಯಗಲ ಮಬ್ಬು. ಅಂಗಡಿಯವರ ಕೈ ತಾನಾಗಿ ಜೇಬಿಗೆ ಹೋಗಿ ಬಟ್ಟೆ ತೆಗೆಯಿತು. ಆಕೆ ಅಂಚು ಮಡಿಸಿ ಹೊಲಿದುಕೊಟ್ಟ ಬನಿಯನ್ ಬಟ್ಟೆ. ಗಾಜಿನ ತನಕ ಹೋಗಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಅವರು ತಮ್ಮ ಕನ್ನಡಕ ತೆಗೆದು ಅದನ್ನೇ ಒರೆಸಿಕೊಂಡು, ಬಟ್ಟೆಯನ್ನು ಜೇಬಿಗೆ ಹಾಕಿಕೊಂಡು, ಆಕೆ ಹೋದ ಬಾಗಿಲಿನ ಕಡೆ ನಡೆದರು.