ಕಿಟಕಿಯ ಪರವಾಗಿ ಐದು ನಿಮಿಷ

ಇಂಗ್ಲಿಷ್ ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿದ್ದರೂ ಅವರ ಪಾಠ ನಿವೃತ್ತಿಯಾಗಿರಲಿಲ್ಲ. ಸಿಕ್ಕವರನ್ನು ನಿಲ್ಲಿಸಿ ಒಂದಾದರೂ ಪದದ ಹುಟ್ಟು ಬೆಳವಣಿಗೆ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಹೆಂಡತಿ ನಲವತ್ತು ವರ್ಷದಿಂದ ಅದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತ, ಊರವರ ಬಟ್ಟೆ ಹೊಲಿಯುತ್ತ ಬಂದಿದ್ದರು.

ಈಗ ಕುತ್ತು ಬಂದದ್ದು ಆ ಹೊಲಿಗೆಗೆ. ಹೆಂಡತಿಯ ಎಡಗಣ್ಣು ಮಂಜಾಗಿ ಎರಡು ವರ್ಷ. ಬಲಗಣ್ಣೂ ಅದರ ಹಿಂದೆಯೇ ಹೊರಟಿತ್ತು. ಹೊಲಿಗೆ ಯಂತ್ರದ ಮುಂದಿನ ಕಿಟಕಿಯ ಬೆಳಕೊಂದೇ ಆಸರೆ. ಪಕ್ಕದ ಸೈಟಿನ ಮರದ ವ್ಯಾಪಾರಿ ಅದಕ್ಕೆ ಮೊಳದಷ್ಟು ದೂರದಲ್ಲಿ ಗೋದಾಮಿನ ಗೋಡೆ ಎಬ್ಬಿಸಲು ಹೊರಟಿದ್ದ. ಮೇಷ್ಟ್ರು ತಕರಾರು ಹಾಕಿದರು. ಕಟ್ಟಡ ಪರವಾನಗಿ ಕಚೇರಿಯಲ್ಲಿ ವಿಚಾರಣೆ, ಒಬ್ಬೊಬ್ಬರಿಗೆ ಐದು ನಿಮಿಷ. ಮಾತು ಬಲ್ಲವನಿಗೆ ಜಗಳವಿಲ್ಲ, ವಕೀಲ ಯಾಕೆ ಎಂದು ಮೇಷ್ಟ್ರು ಮೀಸೆ ತಿರುವಿದರು.

ವ್ಯಾಪಾರಿ ನಕ್ಷೆ ಬಿಚ್ಚಿ, ಅಳತೆ ಹೇಳಿ, ಎರಡೇ ನಿಮಿಷದಲ್ಲಿ ಕುಳಿತುಬಿಟ್ಟ. ಮೇಷ್ಟ್ರು ಹೆಂಡತಿಯ ಪಕ್ಕದಿಂದ ಎದ್ದು ಗಂಟಲು ಸರಿಮಾಡಿಕೊಂಡರು. ವಿಂಡೋ ಎಂಬುದು ಇಂಗ್ಲಿಷರ ಸ್ವಂತ ಪದವಲ್ಲ ಎಂದು ಶುರು. ಉತ್ತರ ದೇಶಗಳಿಂದ ಹಡಗಿನಲ್ಲಿ ದಾಳಿಗೆ ಬಂದವರು ತಂದು ಬಿಟ್ಟುಹೋದದ್ದು, ಅರ್ಥ ಗಾಳಿಯ ಕಣ್ಣು. ಆಗ ಗಾಜೆಲ್ಲಿತ್ತು, ಗಾಳಿ ಹೊಗೆ ಆಡಲು ಬಿಟ್ಟ ಕಂಡಿ ಅಷ್ಟೆ. ನಮ್ಮ ಗವಾಕ್ಷಿಯೂ ಹಸುವಿನ ಕಣ್ಣೇ. ಈಗ ಕಂಪ್ಯೂಟರಿನಲ್ಲೂ ವಿಂಡೋ, ಟಿಕೆಟ್ ಕೊಡುವಲ್ಲೂ ವಿಂಡೋ. ಅಧಿಕಾರಿಗೂ ರುಚಿ ಹತ್ತಿತು, ತಲೆದೂಗಿದರು. ಅದನ್ನು ಕಂಡು ಮೇಷ್ಟ್ರಿಗೆ ಹುರುಪೇರಿ, ಬಾಗಿಲಿನ ಚರಿತ್ರೆಗೂ ಕೈಹಾಕಿದರು. ಅಷ್ಟರಲ್ಲಿ ಐದು ನಿಮಿಷ ಮುಗಿದ ಗಂಟೆ ಹೊಡೆಯಿತು.

ಹೊರಗೆ ಮೆಟ್ಟಿಲಿಳಿಯುವಾಗ ಮೇಷ್ಟ್ರು, ಸಾಹೇಬರು ಹೇಗೆ ಕಿವಿಗೊಟ್ಟು ಕೇಳಿದರು ನೋಡಿದೆಯಾ ಎಂದು ಬೀಗಿದರು. ಹೆಂಡತಿ ಕಂಬಿ ಹಿಡಿದು ನಿಂತರು.

"ಗಾಳಿ ಕಣ್ಣು ಅಂದ್ರಿ, ಹಸು ಕಣ್ಣು ಅಂದ್ರಿ. ನನ್ನ ಕಣ್ಣಿನ ವಿಷಯ ಹೇಳಲೇ ಇಲ್ವಲ್ರೀ."

ಮೇಷ್ಟ್ರು ತಟ್ಟನೆ ಹಿಂತಿರುಗಿದರು. ಏದುಸಿರು ಬಿಡುತ್ತ ಮತ್ತೆ ಹತ್ತಿ ಒಳಗೆ ನುಗ್ಗಿದರು. ಈ ಸಲ ಎರಡೇ ವಾಕ್ಯ: "ನನ್ನ ಹೆಂಡತಿಗೆ ಕಣ್ಣು ಸರಿಯಾಗಿ ಕಾಣೋದಿಲ್ಲ ಸಾರ್. ಆ ಕಿಟಕಿ ಮುಚ್ಚಿದ್ರೆ ಅವಳು ಹೊಲಿಯೋಕಾಗೋದಿಲ್ಲ."

ಅಧಿಕಾರಿ ಮುಂದಿನ ಕಡತದಿಂದ ತಲೆಯೆತ್ತಿದರು. ಸಹಿ ಹಾಕಿ ಆಗಿತ್ತು, ಆದೇಶ ವ್ಯಾಪಾರಿಯ ಕೈ ಸೇರಿತ್ತು.

"ಇದನ್ನ ಆಗಲೇ ಹೇಳಿದ್ರೆ ಗೋಡೇನ ಮೂರಡಿ ಹಿಂದೆ ಹಾಕಿಸ್ತಿದ್ದೆ ಮೇಷ್ಟ್ರೇ. ಪಾಠ ಚೆನ್ನಾಗಿತ್ತು," ಎಂದರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಮೇಷ್ಟ್ರಿಗೆ ಹೆಚ್ಚು ಚುಚ್ಚಿತು.

ಎರಡು ತಿಂಗಳಲ್ಲಿ ಗೋಡೆ ಎದ್ದಿತು. ಹೆಂಡತಿ ಯಂತ್ರವನ್ನು ದೀಪದ ಕೆಳಗೆ ಎಳೆಸಿಕೊಂಡು ಹಳೆಯ ಗಿರಾಕಿಗಳ ಸಣ್ಣಪುಟ್ಟ ರಿಪೇರಿಯನ್ನಷ್ಟೇ ಇಟ್ಟುಕೊಂಡರು. ಬೆಳಿಗ್ಗೆ ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ದಿನಕ್ಕೆ ಹತ್ತು ಸೂಜಿಗೆ ದಾರ ಪೋಣಿಸುತ್ತಾರೆ, ಬಾಯಿ ಮುಚ್ಚಿಕೊಂಡು.